ಮುಚ್ಚುವ ಮುನ್ನ ಅಳತೆ



ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ರಸ್ತೆಯ ಮೇಲೆ ಉಳಿದಿರುವುದು ಎಂಜಿನ್ ಬಿಚ್ಚಿ ಮತ್ತೆ ಕಟ್ಟಬಲ್ಲ ಮೆಕ್ಯಾನಿಕ್‌ಗಳಿಂದ. ಆದರೆ ಅವಸರದ, ಅಳತೆಯಿಲ್ಲದ ದುರಸ್ತಿಯಿಂದಲೇ ಹಾಳಾಗುವ ಎಂಜಿನ್‌ಗಳೂ ಇರುವುದರಿಂದ, ಈ ವೃತ್ತಿಗೆ ಬರುವವರು ಮೊದಲು ಮನಗಾಣಬೇಕಾದದ್ದು ಕ್ರ್ಯಾಂಕ್‌ಶಾಫ್ಟಿನ ವಿಚಾರ.

ಪಿಸ್ಟನ್ನಿನ ಏರಿಳಿತವನ್ನು ತಿರುಗುವ ಚಲನೆಯಾಗಿ ಮಾರ್ಪಡಿಸುವ ಈ ದಂಡ ಜಾವಾದಲ್ಲಿ ಒಂದೇ ತುಂಡಲ್ಲ. ಎರಡು ಭಾರವಾದ ಬಿಲ್ಲೆಗಳ ನಡುವೆ ಕ್ರ್ಯಾಂಕ್ ಪಿನ್ ಎಂಬ ಉಕ್ಕಿನ ಗೂಟವನ್ನು ಹೈಡ್ರಾಲಿಕ್ ಪ್ರೆಸ್ಸಿನಿಂದ ಒತ್ತಿ ಕೂರಿಸಲಾಗಿರುತ್ತದೆ. ಪಿನ್ನು ಬಿಲ್ಲೆಗಳ ರಂಧ್ರಕ್ಕಿಂತ ಅತ್ಯಲ್ಪ ದಪ್ಪವಿರುವುದರಿಂದ ಇಡೀ ಜೋಡಣೆ ಆ ಬಿಗಿತವನ್ನೇ ನಂಬಿ ನಿಂತಿರುತ್ತದೆ. ರಂಧ್ರ ಸವೆದು ಹಿಡಿತ ಸಡಿಲಿದಾಗ ವೆಲ್ಡಿಂಗ್ ಹಾಕಿ ಅದನ್ನು ಮರೆಮಾಚುವುದು, ಎರಡೂ ಬಿಲ್ಲೆಗಳು ಒಂದೇ ಅಕ್ಷದಲ್ಲಿವೆಯೇ ಎಂಬುದನ್ನು ಡಯಲ್ ಗೇಜ್ ಇಡದೆ ಕಣ್ಣಂದಾಜಿನಲ್ಲಿ ತೀರ್ಮಾನಿಸುವುದು ಕಳಪೆ ಕೆಲಸದ ಮೊದಲ ಲಕ್ಷಣಗಳು. ಅಕ್ಷದ ಓಲಾಟ ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವಂಥದ್ದಾದ್ದರಿಂದ ಎಷ್ಟೇ ಪಳಗಿದ ಕಣ್ಣಿಗೂ ಅದು ನಿಲುಕದು.

ಆ ಓಲಾಟದ ಫಲ ದೂರದವರೆಗೆ ಹೋಗುತ್ತದೆ. ಈ ಬೈಕುಗಳ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾಯುವುದರಿಂದ, ಓಲಾಡುವ ದಂಡ ಆಯಿಲ್ ಸೀಲನ್ನು ಸವೆಸಿದ ಕೂಡಲೇ ಹೊರಗಿನ ಗಾಳಿ ಒಳನುಗ್ಗಿ, ಮಿಶ್ರಣ ತೆಳುವಾಗಿ, ಪಿಸ್ಟನ್ ಮಿತಿಮೀರಿ ಕಾದು ಸೀಜ್ ಆಗಬಹುದು, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳಬಹುದು. ಮಾಲೀಕರು ಆಗ ದೂರುವುದು ಪಿಸ್ಟನ್ನನ್ನು, ದೋಷವಿರುವುದು ದಂಡದಲ್ಲಿ.

ಅಕ್ಷದಷ್ಟೇ ಮುಖ್ಯವಾದ ಬ್ಯಾಲೆನ್ಸಿಂಗ್ ಎಂದರೆ ತಿರುಗುವ ಮತ್ತು ಏರಿಳಿಯುವ ಭಾಗಗಳ ತೂಕಕ್ಕೆ ತಕ್ಕಂತೆ ಎದುರುತೂಕವನ್ನು ಹೊಂದಿಸುವುದು. ಏಕ ಸಿಲಿಂಡರ್ ಎಂಜಿನ್ನಿನಲ್ಲಿ ಏರಿಳಿಯುವ ತೂಕವನ್ನು ಎದುರುತೂಕದಿಂದ ಪೂರ್ತಿ ಸರಿದೂಗಿಸಲು ಹೋದರೆ ಅದುರುವಿಕೆ ಅಡ್ಡ ದಿಕ್ಕಿಗೆ ತಿರುಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಆದಕಾರಣ ಆ ತೂಕದ ಒಂದು ಪಾಲನ್ನು ಮಾತ್ರ ಸರಿದೂಗಿಸಲಾಗುತ್ತದೆ. ಸಿಕ್ಕಿದ ಪಿಸ್ಟನ್ನನ್ನು ತೂಗದೆ ಹಾಕಿದರೆ ಈ ಲೆಕ್ಕ ತಪ್ಪುತ್ತದೆ. ಹಳೆಯ ಜಾವಾ 250ರ ಸ್ಟ್ರೋಕ್ 75 ಮಿ.ಮೀ. ಇರುವುದರಿಂದ ಪಿನ್ನಿನ ಸುತ್ತಿನ ತ್ರಿಜ್ಯ 37.5 ಮಿ.ಮೀ.; ಅಷ್ಟು ದೂರದಲ್ಲಿ 10 ಗ್ರಾಂ ಹೆಚ್ಚು ತೂಕ ಉಳಿದರೆ, ನಿಮಿಷಕ್ಕೆ 5,000 ಸುತ್ತಿನ ವೇಗದಲ್ಲಿ ಅದು ಸುಮಾರು ಹತ್ತೂವರೆ ಕಿಲೋ ಭಾರದಷ್ಟು ಬಲದಿಂದ ಬೇರಿಂಗುಗಳನ್ನು ಜಗ್ಗುತ್ತದೆ. ವೇಗ ಇಮ್ಮಡಿಯಾದರೆ ಆ ಬಲ ನಾಲ್ಕು ಪಟ್ಟಾಗುವುದರಿಂದ, ಗ್ಯಾರೇಜಿನ ಮುಂದೆ ಐಡ್ಲಿಂಗಿನಲ್ಲಿ ಸದ್ದಿಲ್ಲದೆ ಓಡಿದ ಎಂಜಿನ್ ಹೆದ್ದಾರಿಯಲ್ಲಿ ಕೈಕೊಡಬಹುದು.

ಸಿಲಿಂಡರ್ ಬೋರ್ ಮಾಡಿದ ಮೇಲೆ ಅದರ ಗೋಡೆಯಲ್ಲಿರುವ ಪೋರ್ಟುಗಳೆಂಬ ಕಿಂಡಿಗಳ ಹರಿತ ಅಂಚನ್ನು ಸವರಿ ನಯಗೊಳಿಸದೆ ಬಿಡುವುದೂ ಇಂಥದೇ ಅಲಕ್ಷ್ಯ, ಏಕೆಂದರೆ ಪಿಸ್ಟನ್ನಿನ ಹೊಸ ರಿಂಗ್ ಆ ಅಂಚಿಗೆ ಸಿಲುಕಿ ಮುರಿಯಬಹುದು.

ಇವೆಲ್ಲವೂ ಕ್ರ್ಯಾಂಕ್‌ಕೇಸ್ ಮುಚ್ಚಿದೊಡನೆ ಮಾಲೀಕರ ಕಣ್ಣಿಗೆ ಮರೆಯಾಗುವ ಸಂಗತಿಗಳಾದ್ದರಿಂದ ಒಳಗಿನ ಕೆಲಸಕ್ಕೆ ಮಾಡಿದವರೇ ಸಾಕ್ಷಿ. ಆದುದರಿಂದ ಈ ವೃತ್ತಿಯಲ್ಲಿ ಬಾಳಬಯಸುವವರು ದಂಡದ ಓಲಾಟ, ಪಿಸ್ಟನ್ನಿನ ತೂಕ, ಬೋರಿನ ಅಳತೆಗಳನ್ನು ಬರೆದು ಬಿಲ್ಲಿನ ಜೊತೆಗೇ ಕೊಡುವ ರೂಢಿ ಇಟ್ಟುಕೊಳ್ಳಬೇಕು. ಅಳತೆ ತಯಾರಕರ ಮಿತಿಯೊಳಗೆ ಬರುವವರೆಗೆ, ಗಿರಾಕಿ ಎಷ್ಟೇ ಅವಸರಪಡಿಸಿದರೂ, ಎಂಜಿನ್ ಮುಚ್ಚಬಾರದು.