ಪೋಲಾರಿಮೀಟರ್ ಮುಂದೆ ಗೆಲ್ಲಲು 6 ಸೂತ್ರಗಳು

ಎಂ.ಎಸ್ಸಿ. ಪ್ರಾಕ್ಟಿಕಲ್ ಇರಲಿ, ಫಾರ್ಮಾ ಕಂಪನಿಯ ಕ್ಯೂಸಿ ಲ್ಯಾಬ್ ಇಂಟರ್‌ವ್ಯೂ ಇರಲಿ, ಕೈರಲ್ ಪದಾರ್ಥದ ಶುದ್ಧತೆಯನ್ನು ಲೆಕ್ಕ ಹಾಕಿ ಹೇಳುವವರಿಗೆ ಬೆಲೆ ಇದೆ. ಕ್ಷಯದ ಔಷಧಿ ಎಥಾಂಬ್ಯುಟಾಲ್‌ನಲ್ಲಿ ರೋಗಾಣುವನ್ನು ತಡೆಯುವುದು ಮುಖ್ಯವಾಗಿ ಎಸ್,ಎಸ್ ರೂಪ. ರೋಗಿಗೆ ಯಾವ ರೂಪ ಹೋಗುತ್ತಿದೆ ಎಂದು ಹೇಳಬೇಕಾದವರು ನೀವು. ಸರಿಯಾಗಿ ಕಲಿಯಿರಿ.

1. ಸೊನ್ನೆಯಿಂದ ಶುರುಮಾಡಿ. ಸೋಡಿಯಂ ದೀಪ ಚೆನ್ನಾಗಿ ಬಿಸಿಯಾಗಲಿ. ಬರೀ ಸಾಲ್ವೆಂಟ್ ತುಂಬಿ ಬ್ಲ್ಯಾಂಕ್ ತೆಗೆಯಿರಿ. ಟ್ಯೂಬಿನ ಮುಚ್ಚಳವನ್ನು ಜೋರಾಗಿ ಬಿಗಿಯಬೇಡಿ. ಗಾಜಿಗೆ ಒತ್ತಡ ಬಿದ್ದರೆ ರೀಡಿಂಗ್ ಕೆಡುತ್ತದೆ.

2. ಸ್ಯಾಂಪಲ್ ಪೂರ್ತಿ ಒಣಗಿಸಿ. ಉಳಿದ ಸಾಲ್ವೆಂಟ್ ಕೂಡ ತೂಕದಲ್ಲಿ ಸೇರುತ್ತದೆ. ಆಗ ಒಳ್ಳೆಯ ಪದಾರ್ಥವೂ ಕಳಪೆಯಂತೆ ಕಾಣುತ್ತದೆ.

3. ಸೂತ್ರವನ್ನು ಸಕ್ಕರೆಯ ಮೇಲೆ ಪಳಗಿಸಿ. ರೀಡಿಂಗನ್ನು ಟ್ಯೂಬಿನ ಉದ್ದ (ಡೆಸಿಮೀಟರ್) ಮತ್ತು ಕಾನ್ಸಂಟ್ರೇಷನ್ (ಮಿಲಿಲೀಟರಿಗೆ ಗ್ರಾಂ) ಇವೆರಡರ ಗುಣಲಬ್ಧದಿಂದ ಭಾಗಿಸಿ. ಸುಕ್ರೋಸ್‌ನ ಸ್ಪೆಸಿಫಿಕ್ ರೊಟೇಷನ್ ಸುಮಾರು +66.5. ನೀರಿನಲ್ಲಿ ಕರಗಿಸಿ 100 ಮಿಲಿಗೆ 10 ಗ್ರಾಂ ದ್ರಾವಣ ಮಾಡಿ, 2 ಡೆಸಿಮೀಟರ್ ಟ್ಯೂಬಿಗೆ ತುಂಬಿದರೆ 13.3 ಡಿಗ್ರಿ ಬರಬೇಕು. ಬಂತೇ? ನಿಮ್ಮ ಕೈ ಸರಿಯಿದೆ. ಕಬ್ಬಿನ ಹಾಲಿನ ‘ಪೋಲ್’ (ಸಕ್ಕರೆ ಅಂಶ) ನೋಡುವ ಸಕ್ಕರೆ ಕಾರ್ಖಾನೆ ಲ್ಯಾಬ್‌ಗಳು ನಂಬಿರುವುದೂ ಇದೇ ತತ್ವವನ್ನು.

4. ಸಣ್ಣ ಕೋನಕ್ಕೆ ಉದ್ದ ಟ್ಯೂಬ್ ಹಾಕಿ. 0.20 ಡಿಗ್ರಿ ರೀಡಿಂಗ್‌ನಲ್ಲಿ 0.02 ತಪ್ಪಿದರೆ ಶೇ. 10 ಹೋಯಿತು. ಅದೇ ತಪ್ಪು 2 ಡಿಗ್ರಿಯಲ್ಲಾದರೆ ಶೇ. 1 ಮಾತ್ರ.

5. ಇಇ (ಎನ್ಯಾನ್ಶಿಯೋಮೆರಿಕ್ ಎಕ್ಸೆಸ್, ಅಂದರೆ ಒಂದು ರೂಪ ಎದುರು ರೂಪಕ್ಕಿಂತ ಶೇಕಡಾ ಎಷ್ಟು ಹೆಚ್ಚಿದೆ ಎಂಬುದು) ಲೆಕ್ಕವನ್ನು ಬಾಯಿಪಾಠ ಮಾಡಬೇಡಿ, ಅರ್ಥಮಾಡಿಕೊಳ್ಳಿ. ಇಂಟರ್‌ವ್ಯೂನಲ್ಲಿ ಹುಡುಗರು ಜಾರುವುದು ಇಲ್ಲೇ. ಶುದ್ಧ ಪದಾರ್ಥದ ಸ್ಪೆಸಿಫಿಕ್ ರೊಟೇಷನ್ +40, ನಿಮ್ಮದು +32 ಎಂದುಕೊಳ್ಳಿ. 32ನ್ನು 40ರಿಂದ ಭಾಗಿಸಿದರೆ ಶೇ. 80 ಇಇ. ಹಾಗಾದರೆ ಮಿಶ್ರಣ 80:20 ಅಲ್ಲವೇ? ಅಲ್ಲ, 90:10! ಶೇ. 10ರಷ್ಟಿರುವ ಎದುರು ರೂಪ ತನ್ನಷ್ಟೇ ಇನ್ನೊಂದನ್ನು ರದ್ದು ಮಾಡಿ 20 ಭಾಗವನ್ನು ರೇಸಿಮಿಕ್ ಮಾಡುತ್ತದೆ. ಬೆಳಕನ್ನು ತಿರುಗಿಸಲು ಉಳಿದದ್ದು 80. ಹೋಲಿಸುವ ಎರಡು ಅಂಕಿಗಳಿಗೂ ಸಾಲ್ವೆಂಟ್, ಉಷ್ಣತೆ, ಕಾನ್ಸಂಟ್ರೇಷನ್ ಮತ್ತು 589 ನ್ಯಾನೋಮೀಟರ್ ಬೆಳಕು ಒಂದೇ ಆಗಿರಲಿ. ‘ನನಗೆ ಲೆಕ್ಕ ಬರಲ್ಲ’ ಎನ್ನುವ ಅಭ್ಯಾಸ ಇವತ್ತೇ ಬಿಡಿ. ಐದು ಉದಾಹರಣೆ ಬಿಡಿಸಿ, ಬಂದೇ ಬರುತ್ತದೆ.

6. ಕೈರಲ್ ಎಚ್‌ಪಿಎಲ್‌ಸಿಯಲ್ಲಿ ತಾಳೆ ನೋಡಿ. ಜೋರಾಗಿ ತಿರುಗಿಸುವ ಕಲ್ಮಶ ಒಂದಿಷ್ಟು ಸೇರಿದ್ದರೂ ಪೋಲಾರಿಮೀಟರ್ ದಾರಿ ತಪ್ಪಿಸುತ್ತದೆ. ಕೆಲವು ಪದಾರ್ಥಗಳಲ್ಲಿ ರೊಟೇಷನ್ ಇಇಗೆ ತಕ್ಕಂತೆ ನೇರವಾಗಿ ಏರುವುದೂ ಇಲ್ಲ. ಇದಕ್ಕೆ ಹೊರೋ ಎಫೆಕ್ಟ್ ಎನ್ನುತ್ತಾರೆ. ಎಚ್‌ಪಿಎಲ್‌ಸಿ ಎರಡೂ ರೂಪಗಳನ್ನು ಬೇರ್ಪಡಿಸಿ, ಬೇರೆ ಬೇರೆ ಪೀಕ್ ಆಗಿ ತೋರಿಸುತ್ತದೆ. ರಿಪೋರ್ಟ್‌ನಲ್ಲಿ ಎರಡೂ ಅಂಕಿ ಬರೆಯಿರಿ.