ಎದುರು ಮನೆಗೆ ಒಂದು ಕಟ್ಟು ಹಪ್ಪಳ

ಮಗಳೇ, ನಿನಗೆ ಬೊಂಬಾಯಿಯಲ್ಲಿ ಕೆಲಸ ಸಿಕ್ಕಿತು ಎಂದು ನಿನ್ನ ಅಮ್ಮ ಫೋನ್ ಮಾಡಿದಾಗ ಈ ಮಾವನಿಗೆ ಆದ ಸಂತೋಷ ಹೇಳಿ ಮುಗಿಯುವಂಥದ್ದಲ್ಲ. ಅದರ ಬೆನ್ನಿಗೇ ಒಂದು ಆತಂಕವೂ ಬಂತು. ಕಳ್ಳಕಾಕರ ಆತಂಕವಲ್ಲ, ಅದಕ್ಕೆ ಊರಲ್ಲಿ ಬೇಕಾದಷ್ಟು ಜನ ಬುದ್ಧಿ ಹೇಳಿರುತ್ತಾರೆ. ಒಂದು ಸಂಜೆ ನೀನು ಕೋಣೆಗೆ ಮರಳದೆ ಹೋದರೆ ಅದು ಯಾರ ಗಮನಕ್ಕೆ ಬರುತ್ತದೆ ಎಂಬುದು ನನ್ನ ಆತಂಕ.

ನಾನು 1981ರಲ್ಲಿ ಕುಂದಾಪುರದಿಂದ ಬಸ್ಸು ಹತ್ತಿ ಬಂದವ. ಆಗ ನಮ್ಮ ಕಡೆಗೆ ರೈಲಿರಲಿಲ್ಲ, ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಫೋರ್ಟಿನ ಒಂದು ಹೋಟೆಲಿನಲ್ಲಿ ಹಗಲು ಕೆಲಸ, ಇರುಳು ಕನ್ನಡದ ರಾತ್ರಿ ಶಾಲೆ. ಮಲಗುವುದು ಹೋಟೆಲಿನ ಅಟ್ಟದಲ್ಲಿ, ಹನ್ನೆರಡು ಹುಡುಗರು ಸಾಲಾಗಿ. ಒಬ್ಬ ಕೆಮ್ಮಿದರೆ ಹನ್ನೊಂದು ಜನರಿಗೆ ಎಚ್ಚರ. ಅದನ್ನೇ ದೊಡ್ಡ ಕಷ್ಟ ಎಂದುಕೊಂಡಿದ್ದೆ. ಗುಮಾಸ್ತೆಯ ಕೆಲಸ ಸಿಕ್ಕಿದ ಮೇಲೆ ಚೆಂಬೂರಿನಲ್ಲಿ ಒಬ್ಬನೇ ಕೋಣೆ ಹಿಡಿದೆ. ಬಾಗಿಲು ಹಾಕಿಕೊಂಡರೆ ಯಾರ ಹಂಗೂ ಇಲ್ಲ. ಆ ಮಳೆಗಾಲದಲ್ಲೇ ಕಾಮಾಲೆ ಬಂತು. ನಾಲ್ಕು ದಿನ ಎದ್ದು ನೀರು ಕುಡಿಯಲೂ ಆಗದೆ ಬಿದ್ದಿದ್ದೆ. ಗೋಡೆಯಾಚೆ ಜನ ಇದ್ದರು, ರೇಡಿಯೋ ಕೇಳುತ್ತಿತ್ತು, ಆದರೆ ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಐದನೇ ಬೆಳಿಗ್ಗೆ ಹಾಲು ಹಾಕುವ ಭಯ್ಯಾ ಬಾಗಿಲು ತಟ್ಟಿದ. ನಾಲ್ಕು ದಿನದಿಂದ ಪಾತ್ರೆ ಹೊರಗಿಟ್ಟಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತ್ತಂತೆ. ನಾನು ಉಳಿದದ್ದು ಆ ಅನ್ನಿಸಿಕೆಯಿಂದ.

ನಿನ್ನನ್ನೂ ಹಾಗೆ ಗಮನಿಸುವವರು ಇಲ್ಲಿ ನಿತ್ಯದ ರೈಲಿನಲ್ಲೂ ಸಿಗುತ್ತಾರೆ. ಆದ್ದರಿಂದ ಮನೆ ಹುಡುಕುವಾಗ ಬಾಡಿಗೆ, ಬಾಲ್ಕನಿ ನೋಡುವ ಮೊದಲು ರೈಲು ನೋಡು. ಈ ಊರು ಹಳಿಗಳ ಉದ್ದಕ್ಕೂ ಬೆಳೆದದ್ದು. ಚರ್ಚ್‌ಗೇಟಿನಿಂದ ವಿರಾರಿನ ಕಡೆಗೆ ವೆಸ್ಟರ್ನ್, ಸಿಎಸ್‌ಎಂಟಿಯಿಂದ ಕಲ್ಯಾಣದ ಕಡೆಗೆ ಸೆಂಟ್ರಲ್, ಪನ್ವೇಲಿನ ಕಡೆಗೆ ಹಾರ್ಬರ್. ನಿನ್ನ ಆಫೀಸು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ. ಹಾಗಾಗಿ ಕುರ್ಲಾದಲ್ಲಿ ಇಳಿಯುವಂತೆ ಸೆಂಟ್ರಲ್ ಲೈನಿನಲ್ಲೋ, ಬಾಂದ್ರಾದಲ್ಲಿ ಇಳಿಯುವಂತೆ ವೆಸ್ಟರ್ನ್ ಲೈನಿನಲ್ಲೋ ಮನೆ ಮಾಡು. ಎರಡು ಲೈನ್ ಬದಲಿಸುವ ಮನೆ ಎಷ್ಟೇ ಅಗ್ಗವಾಗಿರಲಿ, ಬೇಡ. ಉಳಿಸಿದ ದುಡ್ಡಿಗೆ ಮೈದಣಿವಿನ ಬೆಲೆ ತೆರಬೇಕಾಗುತ್ತದೆ. ಕೋಣೆಗೆ ಮುಂಗಡ ಕೊಡುವ ಮೊದಲು ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅಲ್ಲಿಂದ ಆಫೀಸಿನ ತನಕ ಹೋಗಿ ನೋಡು. ಭಾನುವಾರದ ಮಧ್ಯಾಹ್ನ ನೋಡಿ ಮನೆ ಹಿಡಿದವರು ನೊಂದದ್ದನ್ನು ಎಷ್ಟೋ ಕಂಡಿದ್ದೇನೆ.

ಇಲ್ಲಿ ಗಾಡಿಗೆ ನಿಮಿಷವೇ ಹೆಸರು. ಎಂಟು ನಲವತ್ತೆರಡರ ಗಾಡಿ ಎನ್ನುತ್ತಾರೆ. ಒಂದು ಗಾಡಿ, ಒಂದು ಲೇಡೀಸ್ ಡಬ್ಬಿ ಗೊತ್ತು ಮಾಡಿಕೊಂಡು ನಿತ್ಯ ಅದನ್ನೇ ಹತ್ತು. ಹದಿನೈದು ದಿನದಲ್ಲಿ ಮುಖ ಗುರುತಾಗುತ್ತದೆ, ತಿಂಗಳಲ್ಲಿ ಹೆಸರು. ನೀನು ಎರಡು ದಿನ ಕಾಣದಿದ್ದರೆ ಮೂರನೇ ದಿನ ಅವರೇ ಫೋನ್ ಮಾಡುತ್ತಾರೆ. ಇಳಿಯುವ ಸ್ಟೇಷನ್ನಿಗೆ ಮುಂಚೆಯೇ ಬಾಗಿಲ ಕಡೆ ಸರಿದು, ಮುಂದಿದ್ದವರನ್ನು ‘ಉತರ್ಣಾರ್ ಕಾ?’ ಎಂದು ಕೇಳು. ಇಳಿಯುತ್ತೀರಾ ಎಂದು ಅರ್ಥ. ನೀನು ಕಲಿಯಬೇಕಾದ ಮೊದಲ ಮರಾಠಿ ಮಾತು ಅದು. ಉಳಿದದ್ದನ್ನೂ ಬೇಗ ಕಲಿ. ಅನ್ನ ಕೊಡುವ ಊರಿನ ಭಾಷೆ ಅದು.

ಬಾಗಿಲಲ್ಲಿ ಮಾತ್ರ ನೇತಾಡಬೇಡ. ಈ ಲೋಕಲ್ ಹಳಿಗಳ ಮೇಲೆ 2023ರಲ್ಲೂ 2024ರಲ್ಲೂ ಎರಡೆರಡು ಸಾವಿರಕ್ಕಿಂತ ಹೆಚ್ಚು ಜನ ಸತ್ತಿದ್ದಾರೆ. ಹಳಿ ದಾಟುವಾಗ ಸತ್ತವರು, ಗಾಡಿಯಿಂದ ಬಿದ್ದವರೇ ಅವರಲ್ಲಿ ಬಹಳ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಎದುರುಬದುರಾದ ಎರಡು ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದ ಕೆಲವರು ಕೆಳಗೆ ಬಿದ್ದು ಜೀವ ಕಳೆದುಕೊಂಡರು. ಒಂದು ಗಾಡಿ ಬಿಟ್ಟರೆ ಏನೂ ಹಾಳಾಗುವುದಿಲ್ಲ, ಮಗಳೇ.

ದುಡ್ಡಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. ಆಫರ್ ಪತ್ರದಲ್ಲಿ ಬರೆದ ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಲೆಕ್ಕ ಹಾಕಬೇಡ. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ ಎಲ್ಲ ಅದರೊಳಗೇ ಸೇರಿರುತ್ತವೆ. ತಿಂಗಳಿಗೆ ಕೈಗೆ ಬರುವುದೆಷ್ಟು ಎಂದು ಕೇಳಿ ತಿಳಿದುಕೋ. ಸರ್ಟಿಫಿಕೇಟಿನ ಮೂಲಪ್ರತಿ ಯಾರ ಕೈಗೂ ಒಪ್ಪಿಸಬೇಡ. ಮನೆ ಹಿಡಿಯುವಾಗ ಬ್ರೋಕರ್‌ಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಹೋಗುತ್ತದೆ, ಮೇಲೆ ಡಿಪಾಸಿಟ್. ಕರಾರು ಹನ್ನೊಂದು ತಿಂಗಳದ್ದು, ರಿಜಿಸ್ಟರ್ ಬೇಕಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆ ಪ್ರಕಾರ ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು ಎಷ್ಟೇ ಅವಧಿಯದಾಗಿದ್ದರೂ ನೋಂದಣಿ ಆಗಲೇಬೇಕು, ಮಾಡಿಸುವ ಹೊಣೆ ಮನೆ ಮಾಲೀಕರದು. ಡಿಪಾಸಿಟ್ ವಾಪಸು ಕೇಳುವ ದಿನ ಆ ಕಾಗದವೇ ನಿನ್ನ ಬಲ.

ಮಳೆಗಾಲಕ್ಕೆ ಆಫೀಸಿನ ಡ್ರಾವರಿನಲ್ಲಿ ಒಂದು ಜೊತೆ ಬಟ್ಟೆ, ಒಣ ತಿಂಡಿ ಇಟ್ಟಿರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಗಾಡಿ ನಿಂತವು, ಫೋನ್ ಸತ್ತವು. ನಾನು ಸಯನ್ ಹತ್ತಿರ ಸೊಂಟದ ಮಟ್ಟದ ನೀರಿನಲ್ಲಿ ಸಿಕ್ಕಿಬಿದ್ದೆ. ಗುರುತಿಲ್ಲದ ಒಬ್ಬರು ತಮ್ಮ ಚಾಳಿನ ಮೆಟ್ಟಿಲ ಮೇಲೆ ಕೂರಿಸಿ ಇರುಳೆಲ್ಲ ಚಹಾ ಕೊಟ್ಟರು. ಮರುದಿನ ಮಧ್ಯಾಹ್ನ ಮನೆ ಮುಟ್ಟಿದಾಗ ಎದುರು ಮನೆಯ ಮರಾಠಿ ಆಜಿ ತಮ್ಮ ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲೇ ಕೂತಿದ್ದರು. ಮೊಮ್ಮಗನನ್ನು ಎರಡು ಸಲ ಸ್ಟೇಷನ್ನಿಗೆ ಅಟ್ಟಿದ್ದರಂತೆ. ಆ ವಾರ ನಿನ್ನ ಅತ್ತೆ ಊರಿಗೆ ಹೋಗಿದ್ದಳು. ಆ ಬಾಗಿಲಿಗೂ ನಮಗೂ ನಡುವೆ ಹದಿನೈದು ವರ್ಷ ಓಡಾಡಿದ್ದು ಒಂದು ಬಟ್ಟಲು ಸಾರು, ಒಂದು ಹಿಡಿ ಕರಿಬೇವು, ಅಷ್ಟೇ.

ನಮ್ಮವರೂ ಇಲ್ಲಿ ಇದ್ದಾರೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಳೆಯದು. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್, ಮಾಹಿಮಿನಲ್ಲಿ ಕರ್ನಾಟಕ ಸಂಘ, ಕಲೀನಾದ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ. ತಿಂಗಳಿಗೊಮ್ಮೆಯಾದರೂ ಒಂದು ಕಾರ್ಯಕ್ರಮಕ್ಕೆ ಹೋಗಿ ಹಿಂದಿನ ಸಾಲಲ್ಲಿ ಕೂತುಬಾ. ಆದರೆ ಕನ್ನಡದವರ ನಡುವೆಯೇ ಉಳಿದುಬಿಡಬೇಡ. ಇರುಳು ಎರಡು ಗಂಟೆಗೆ ಜ್ವರ ಏರಿದರೆ ಮಾಹಿಮಿನಿಂದ ಯಾರೂ ಬರಲಾರರು.

ಇನ್ನೊಂದು. ಇನ್‌ಲ್ಯಾಂಡ್ ಪತ್ರದಲ್ಲಿ ನಾನು ವರ್ಷಗಟ್ಟಲೆ ‘ಇಲ್ಲಿ ಎಲ್ಲ ಕ್ಷೇಮ’ ಎಂದೇ ಬರೆದೆ, ಕಾಮಾಲೆಯ ತಿಂಗಳಲ್ಲೂ. ಅವ್ವ ಅದನ್ನು ನಂಬಿದ್ದಳು ಎಂದುಕೊಂಡಿದ್ದೆ. ಆಕೆ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಆ ಪತ್ರಗಳ ಕಟ್ಟು ಸಿಕ್ಕಿತು. ಪ್ರತಿ ವರ್ಷ ಅದೇ ತಿಂಗಳು ನನ್ನ ಹೆಸರಲ್ಲಿ ಕೊಲ್ಲೂರಿನಲ್ಲಿ ಪೂಜೆ ಮಾಡಿಸಿದ ರಸೀದಿಗಳೂ ಅದರೊಳಗಿದ್ದವು. ಊರಿನಿಂದ ಬಂದುಹೋದ ಯಾರೋ ಹೇಳಿರಬೇಕು. ನಿನಗೆ ತಡೆಯಲಾರದಷ್ಟು ಬೇಸರವಾದ ದಿನ ಅಮ್ಮನಿಗೆ ಹಾಗೆಂದೇ ಹೇಳು.

ಮತ್ಸ್ಯಗಂಧ ರೈಲು ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಬರುತ್ತದೆ. ಡಬ್ಬಿಯ ನಂಬರು ಮೊದಲೇ ಕಳಿಸು, ನಾನು ಅಲ್ಲೇ ನಿಂತಿರುತ್ತೇನೆ. ಕುಚ್ಚಲಕ್ಕಿ ಹೊತ್ತು ತರಬೇಡ, ಮಾಟುಂಗಾದಲ್ಲಿ ಸಿಗುತ್ತದೆ. ಹಲಸಿನ ಹಪ್ಪಳ ಮಾತ್ರ ಎರಡು ಕಟ್ಟು ಜಾಸ್ತಿ ಇಟ್ಟುಕೊಂಡು ಬಾ. ಒಂದು ನಿನಗೆ, ಇನ್ನೊಂದು ನೀನು ಹಿಡಿಯುವ ಮನೆಯ ಎದುರು ಬಾಗಿಲಿನವರಿಗೆ. ಮೊದಲ ಸಂಜೆಯೇ ಹೋಗಿ ಕೊಟ್ಟು, ನಿನ್ನ ಹೆಸರು ಹೇಳಿ ಬಾ.