ಕೆಂಪಿಯನ್ನು ಗಂಡಿಗೆ ಬಿಡುವ ಮೊದಲು

ಬೆಳ್ಳಿಯಂಥದೇ ಇನ್ನೊಂದು ಕುದುರೆ ಬೇಕು ಅಂದೆಯಲ್ಲ ಮಗಾ, ಆ ಮಾತು ನನ್ನ ಮನಸ್ಸಿಗೆ ಹಿಡಿಸಿತು. ಸತ್ತ ಪ್ರಾಣಿಯನ್ನು ಇಷ್ಟು ಹಚ್ಚಿಕೊಂಡವನ ಕೈಯಲ್ಲಿ ಮುಂದಿನ ಮರಿಯೂ ಚೆನ್ನಾಗಿ ಬಾಳುತ್ತದೆ. ಆದರೆ ಅವಳ ಮಗಳು ಕೆಂಪಿಯನ್ನು ಗಂಡಿಗೆ ಬಿಡುವ ಮೊದಲು ನಾಲ್ಕು ಮಾತು ಕೇಳು. ನಾನು ಹುಟ್ಟಿದ್ದು ಕುರಿಹಟ್ಟಿಯಲ್ಲಿ, ಸಂಬಳ ತಿಂದದ್ದು ಪಶು ಆಸ್ಪತ್ರೆಯಲ್ಲಿ. ಎರಡೂ ಕಡೆ ಕಲಿತದ್ದನ್ನು ಹೇಳುತ್ತೇನೆ.

ಬೆಳ್ಳಿಯಲ್ಲಿ ನಿನಗೆ ಬೇಕಾದದ್ದು ಯಾವುದು? ಫೋನಿನಲ್ಲಿ ಮತ್ತೆ ಮತ್ತೆ ಬಣ್ಣದ ಮಾತನ್ನೇ ತೆಗೆದೆ. ಆ ಬಿಳುಪು ಚೆಂದ, ನಿಜ. ಆದರೆ ಬೆಳ್ಳಿ ಹುಟ್ಟುವಾಗ ಬೆಳ್ಳಗಿರಲಿಲ್ಲ, ಕರಿಗಂದು ಮರಿಯಾಗಿದ್ದಳು. ಕಣ್ಣಿನ ಸುತ್ತ ಮೊದಲು ಬಿಳಿ ಕೂದಲು ಮೂಡಿ, ಮೈ ಬೂದಿಬಣ್ಣಕ್ಕೆ ತಿರುಗಿ, ಪೂರ್ತಿ ಬೆಳ್ಳಗಾಗಲು ಏಳೆಂಟು ವರ್ಷ ಹಿಡಿಯಿತು. ಈ ಗುಣ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು, ಹೊರಗೆ ಕಾಣಿಸಿಕೊಳ್ಳುತ್ತದೆ. ಬಾರದಿದ್ದರೆ ಒಳಗೆ ಅಡಗಿ ಕೂರುವುದಿಲ್ಲ. ಕೆಂಪಿಗೆ ಐದು ವರ್ಷ ತುಂಬಿತು, ಕಣ್ಣಿನ ಬಳಿ ಒಂದು ಬಿಳಿ ಕೂದಲಿಲ್ಲ. ತನಗೆ ಬಾರದ್ದನ್ನು ಅವಳು ಮರಿಗೆ ಕೊಡಲಾರಳು. ಬಿಳಿ ಮರಿಯೇ ಬೇಕೆಂದು ಬಿಳಿ ಗಂಡು ತಂದರೆ ಆ ಬಣ್ಣ ಆ ಗಂಡಿನದು, ಬೆಳ್ಳಿಯದಲ್ಲ. ಇನ್ನೂ ಒಂದು ಸಂಗತಿ. ವಯಸ್ಸಾದ ಇಂಥ ಬಿಳಿ ಕುದುರೆಗಳ ಬಾಲದ ಬುಡದಲ್ಲಿ ಕರೀ ಗಂಟುಗಳು ಏಳುತ್ತವೆ. ಬೆಳ್ಳಿಯ ಬಾಲ ಎತ್ತಿ ತೊಳೆಯುವಾಗ ನೀನೇ ಮುಟ್ಟಿ ನೋಡಿದ್ದೀಯ. ಬಣ್ಣದ ಬೆನ್ನಿಗೆ ಅದೂ ಬರುತ್ತದೆ.

ನನ್ನ ಕಣ್ಣಿಗೆ ಕಟ್ಟಿರುವ ಬೆಳ್ಳಿ ಬೇರೆ. ಹಟ್ಟಿ ಘಟಪ್ರಭೆ ದಾಟುವಾಗ ಅವಳ ಬೆನ್ನ ಮೇಲೆ ಕಂಬಳಿ, ಪಾತ್ರೆ, ಬಲೆಚೀಲದಲ್ಲಿ ಆ ವಾರ ಹುಟ್ಟಿದ ಕುರಿಮರಿಗಳು, ಎಲ್ಲದರ ಮೇಲೆ ಕಾಲು ಕಟ್ಟಿದ ಕೋಳಿ. ದಂಡೆಯಲ್ಲಿ ನಿಂತು ನೀರಿಗೆ ಮೂಗು ಹಚ್ಚುವಳು. ಒಂದು ಗೊರಸು ಊರಿ ತಳ ನೋಡುವಳು, ಆಮೇಲೆ ಇನ್ನೊಂದು. ಕಾಲು ಜಾರಿದರೆ ಜಿಗಿಯದೆ ಅಲ್ಲೇ ನಿಲ್ಲುವಳು. ಹೇರು ಸಮವಾದ ಮೇಲೆಯೇ ಮುಂದಿನ ಹೆಜ್ಜೆ. ಹಗ್ಗ ಹಿಡಿಯಲು ಒಬ್ಬರು ಬೇಕಾಗುತ್ತಿರಲಿಲ್ಲ. ಲಾಳ ಕಾಣದ ಆ ಗೊರಸು ಕಲ್ಲುನೆಲದಲ್ಲಿ ಸವೆಯುತ್ತಿತ್ತೇ ಹೊರತು ಸೀಳುತ್ತಿರಲಿಲ್ಲ. ಬೇಸಿಗೆಯ ಒಣಹುಲ್ಲಿನಲ್ಲೇ ಮೈ ಉಳಿಸಿಕೊಳ್ಳುತ್ತಿದ್ದಳು. ಮುಂದಕ್ಕೆ ದಾಟಿಸಬೇಕಾದದ್ದು ಇವನ್ನು.

ಭೀಮಾ ತೀರದ ಇಂಥ ಗಿಡ್ಡ ಕುದುರೆಗಳ ಮೇಲೆಯೇ ಮರಾಠಾ ದಂಡು ದಖ್ಖನ್ ಸುತ್ತಿತು. ದಂಡು ಕರಗಿದ ಮೇಲೆ ಅವನ್ನು ಉಳಿಸಿಕೊಂಡು ಬಂದವರು ಆ ಕಡೆಯ ಧನಗರರು, ಈ ಕಡೆಯ ನಾವು. ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಕೆಲ ವರ್ಷಗಳ ಹಿಂದಷ್ಟೇ ಭೀಮಥಡಿ ಎಂಬ ಹೆಸರಿನಲ್ಲಿ ಮಹಾರಾಷ್ಟ್ರದ ಈ ಕುದುರೆಯನ್ನು ಪ್ರತ್ಯೇಕ ತಳಿಯೆಂದು ದಾಖಲಿಸಿದೆ. ಚಿಕ್ಕೋಡಿ, ರಾಯಬಾಗದ ನಮ್ಮ ಹಟ್ಟಿಗಳ ತಟ್ಟುಗಳದೂ ಅದೇ ಮೈಕಟ್ಟು. 2012ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ, ತಟ್ಟುಗಳೆಲ್ಲ ಸೇರಿ ಆರು ಲಕ್ಷಕ್ಕೂ ಹೆಚ್ಚಿದ್ದವು. 2019ಕ್ಕೆ ಉಳಿದದ್ದು ಸುಮಾರು 3.4 ಲಕ್ಷ. ಹೀಗಿರುವಾಗ ಕೆಂಪಿ ಹಾಕುವ ಒಂದು ಮರಿಯೂ ನನಗೆ ದೊಡ್ಡದು.

ಗಂಡು ಎಲ್ಲಿಂದ ತರುತ್ತೀಯ? ಹಟ್ಟಿಯಲ್ಲಿ ಈಗ ಮೆರೆಯುತ್ತಿರುವ ಗಂಡು ಬೆಳ್ಳಿಯ ಕೊನೆಯ ಮರಿ. ಅವನನ್ನೇ ಕೂಡಿಸಿದರೆ ಎರಡೂ ಕಡೆಯಿಂದ ಬೆಳ್ಳಿಯ ರಕ್ತ ಬರುತ್ತದಲ್ಲ ಎಂದು ನಿನಗೆ ಅನಿಸಿರಬಹುದು. ಬೇಡ ಮಗಾ. ಒಡಹುಟ್ಟಿದವರನ್ನು ಕೂಡಿಸಿದರೆ ಬೆಳ್ಳಿಯಲ್ಲಿ ಅಡಗಿದ್ದ ದೋಷಗಳು ಮರಿಯಲ್ಲಿ ಜೋಡಿಯಾಗಿ ಎದ್ದು ನಿಲ್ಲಬಹುದು. ಹಾಗೆಂದು ಮದುವೆ ಮೆರವಣಿಗೆಯ ಎತ್ತರದ ಕುದುರೆಗೂ ಮರುಳಾಗಬೇಡ. ಹೆರಿಗೆ ಕಷ್ಟವಾದೀತೆಂಬ ಭಯದಿಂದ ಹೇಳುತ್ತಿಲ್ಲ. ಹೊಟ್ಟೆಯಲ್ಲಿ ಮರಿ ಬಹುಮಟ್ಟಿಗೆ ತಾಯಿಯ ಅಳತೆಗೆ ತಕ್ಕಂತೆಯೇ ಬೆಳೆಯುತ್ತದೆ. ಕೇಂಬ್ರಿಜಿನಲ್ಲಿ ಭಾರೀ ಶೈರ್ ಕುದುರೆಯನ್ನೂ ಪುಟ್ಟ ಶೆಟ್ಲೆಂಡ್ ಪೋನಿಯನ್ನೂ ಕೂಡಿಸಿ ನೋಡಿ 1938ರಲ್ಲೇ ಇದನ್ನು ತೋರಿಸಿದ್ದಾರೆ. ಕಷ್ಟ ಇರುವುದು ಆಮೇಲೆ. ಆ ಉದ್ದ ಕಾಲಿನ ಮೈಗೆ ನಮ್ಮ ಅಡವಿಯ ಮೇವು ಸಾಲದು. ಬೇರೆ ಹಟ್ಟಿಯಲ್ಲಿ ಹೇರು ಹೊತ್ತು ನಡೆದ ತಾಯಿಯ ಮಗನನ್ನು ಹುಡುಕು. ಅವನ ಗೊರಸು ನೋಡು, ಬೆನ್ನು ಮುಟ್ಟಿ ನೋಡು, ಮಕ್ಕಳು ಹತ್ತಿರ ಹೋದರೆ ಏನು ಮಾಡುತ್ತಾನೆ ನೋಡು. ಅವನಿಗೂ ಕೆಂಪಿಗೂ ಗ್ಲಾಂಡರ್ಸ್, ಸರ್ರಾ ರೋಗಗಳಿಲ್ಲವೆಂದು ರಕ್ತ ಪರೀಕ್ಷೆ ಮಾಡಿಸು.

ಕುದುರೆಯ ಗಬ್ಬ ಹನ್ನೊಂದು ತಿಂಗಳು. ಶ್ರಾವಣದ ಹೊತ್ತಿಗೆ ಕೂಡಿಸಿದರೆ ಮುಂದಿನ ಆಷಾಢದ ಸುಮಾರಿಗೆ ಈಯುತ್ತಾಳೆ. ಆಗ ಹಟ್ಟಿ ಊರಲ್ಲಿರುತ್ತದೆ, ಹಸಿರು ಹುಲ್ಲಿರುತ್ತದೆ. ದೀಪಾವಳಿ ಮುಗಿಸಿ ಹೊರಡುವ ಹೊತ್ತಿಗೆ ಮರಿಗೆ ನಾಲ್ಕು ತಿಂಗಳಾಗಿ ತಾಯಿಯ ಪಕ್ಕದಲ್ಲೇ ನಡೆಯುತ್ತದೆ. ಕೊನೆಯ ಮೂರು ತಿಂಗಳು ಕೆಂಪಿಯ ಮೇಲೆ ಹೇರು ಹಾಕಬೇಡ, ಮರಿ ಹೆಚ್ಚು ಬೆಳೆಯುವುದು ಆಗಲೇ. ಈಯಲು ಒಂದು ತಿಂಗಳಿರುವಾಗ ಧನುರ್ವಾಯುವಿನ ಲಸಿಕೆ ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷೆ ಸಿಗುತ್ತದೆ.

ಈಯುವ ರಾತ್ರಿಯದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀನು ಕಂಡದ್ದು ಕುರಿ, ಎಮ್ಮೆಗಳನ್ನು. ಮೊಲೆಯ ತುದಿಯಲ್ಲಿ ಮೇಣದ ಹನಿ ಕಟ್ಟಿದರೆ ಸಾಮಾನ್ಯವಾಗಿ ಒಂದೆರಡು ದಿನವಷ್ಟೇ ಬಾಕಿ. ನೀರು ಒಡೆದ ಮೇಲೆ ಅರ್ಧ ತಾಸಿನೊಳಗೆ ಮರಿ ಹೊರಬರಬೇಕು, ಬಾರದಿದ್ದರೆ ಡಾಕ್ಟರನ್ನು ಕರೆಸು. ಬಿಳಿ ಪೊರೆಯ ಬದಲು ಕೆಂಪು ಚೀಲ ಮೊದಲು ಕಂಡರೆ ಯಾರಿಗಾಗಿಯೂ ಕಾಯಬೇಡ. ಒಳಗೆ ಮರಿಗೆ ಉಸಿರು ಕಟ್ಟುತ್ತಿರುತ್ತದೆ; ಕೂಡಲೇ ಚೀಲ ಹರಿದು, ತಾಯಿ ತಿಣುಕುವಾಗಲೆಲ್ಲ ಮರಿಯನ್ನು ಮೆಲ್ಲಗೆ ಎಳೆ. ಹೊಕ್ಕಳಬಳ್ಳಿ ತಾನಾಗಿ ಹರಿಯಲಿ, ಬುಡಕ್ಕೆ ನೀರು ಬೆರೆಸಿದ ಅಯೋಡಿನ್ ಹಚ್ಚು. ಮರಿ ಒಂದು ತಾಸಿನಲ್ಲಿ ಎದ್ದು ನಿಲ್ಲಬೇಕು, ಎರಡು ತಾಸಿನಲ್ಲಿ ಮೊಲೆ ಹಿಡಿಯಬೇಕು, ಮೂರು ತಾಸಿನಲ್ಲಿ ತಾಯಿಯ ಮಾಸು ಬೀಳಬೇಕು. ದನಕ್ಕೆ ಅರ್ಧ ದಿನ ಕಾದರೂ ನಡೆದೀತು, ಕುದುರೆಗೆ ಹಾಗಲ್ಲ. ಮಾಸು ಒಳಗೆ ಉಳಿದರೆ ನಂಜೇರಿ ಕಾಲೇ ಹೋಗಬಹುದು. ಜೋತುಬಿದ್ದದ್ದನ್ನು ಎಳೆಯಬೇಡ. ಗಿಣ್ಣುಹಾಲನ್ನು ಯಾವ ನೆಪಕ್ಕೂ ತಪ್ಪಿಸಬೇಡ. ರೋಗ ತಡೆಯುವ ಶಕ್ತಿಯನ್ನು ಮರಿ ಹೊಟ್ಟೆಯಿಂದ ತರುವುದಿಲ್ಲ, ಆ ಹಾಲಿನಿಂದ ಪಡೆಯುತ್ತದೆ. ಒಂದು ದಿನ ಕಳೆದರೆ ಮರಿಯ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದಿಲ್ಲ.

ಬೆಳ್ಳಿಯ ಆ ಸಮಾಧಾನ ರಕ್ತದಿಂದಷ್ಟೇ ಬರುವಂಥದಲ್ಲ. ತಾಯಿ ಯಾರಿಗೆ ಹೆದರುತ್ತದೋ ಮರಿಯೂ ಅವರಿಗೆ ಹೆದರಲು ಕಲಿಯುತ್ತದೆ. ಮೊದಲ ದಿನಗಳಲ್ಲಿ ಮರಿಯನ್ನು ಹಿಡಿಯಲು ಓಡಾಡಬೇಡ. ಅದರ ಎದುರಿಗೆ ಕೆಂಪಿಯ ಮೈ ತಿಕ್ಕು, ಕುತ್ತಿಗೆ ಕೆರೆ. ಮರಿ ತಾನೇ ನಿನ್ನ ಕೈ ಮೂಸಲು ಬರುತ್ತದೆ. ಆ ಮರಿ ಬೆಳ್ಳಿಯ ಹಾಗೆ ನೀರಿಗೆ ಇಳಿಯದಿದ್ದರೆ ಸಿಟ್ಟಾಗಬೇಡ. ಅಜ್ಜಿಯ ಪಾಲು ಅದರಲ್ಲಿ ಕಾಲುಭಾಗ ಮಾತ್ರ. ಅದಕ್ಕೆ ಬೆಳ್ಳಿ ಎಂದು ಹೆಸರಿಡದಿದ್ದರೆ ಅದಕ್ಕೂ ಒಳ್ಳೆಯದು, ನಿನಗೂ ಒಳ್ಳೆಯದು.

ಒಂದು ನೋಟುಬುಕ್ಕು ಇಡು. ಕೆಂಪಿಯನ್ನು ಕೂಡಿಸಿದ ದಿನ, ಗಂಡು ಯಾವ ಹಟ್ಟಿಯದು, ಮರಿಯ ಬಣ್ಣ, ಎತ್ತರ, ಲಸಿಕೆ ಎಲ್ಲ ಅದರಲ್ಲಿರಲಿ. ನಮ್ಮ ಕಡೆಯ ತಟ್ಟುಗಳನ್ನು ನಾಳೆ ಯಾರಾದರೂ ಅಳೆಯಲು, ದಾಖಲಿಸಲು ಬಂದರೆ ತೋರಿಸಲು ನಮ್ಮಲ್ಲಿ ಬರೆದದ್ದು ಒಂದೂ ಇಲ್ಲ. ಬೆಳ್ಳಿಯ ತಾಯಿ ಎಲ್ಲಿಯದು, ಅದರ ತಾಯಿ ಯಾರ ಹಟ್ಟಿಯದು ಎಂಬುದು ಈಗ ನಿಮ್ಮ ಆಯಿಯೊಬ್ಬಳಿಗೇ ಗೊತ್ತು. ಈ ವಾರವೇ ಆಕೆಯ ಪಕ್ಕದಲ್ಲಿ ಕೂತು ಕೇಳಿ ಬರೆದುಕೊ.